ಕಿಟಕಿ ಕಡೆ ಪೌಂಡು

ಗುಡುಗಣ್ಣನಿಗೆ ದನಿ ಇದ್ದ ಕಾಲದಲ್ಲಿ ಅವನು ಎಲ್ಲಿದ್ದಾನೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬೀದಿಯ ತಿರುವಿನಲ್ಲಿ ಅವನು ತರಕಾರಿಯವನ ಜೊತೆ ಎರಡು ಮಾತಾಡಿದರೆ ಸಾಕು, ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ಚಹಾಕ್ಕೆ ನೀರಿಡುತ್ತಿದ್ದಳು. ಅವನು ಬಾಗಿಲಿಗೆ ಬರುವಾಗ ನೀರು ಕುದಿಯುತ್ತಿರುತ್ತಿತ್ತು. ಆ ಅಂದಾಜು ಒಂದು ದಿನವೂ ತಪ್ಪಲಿಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ. ಹೇಳುವಾಗ ಒಲೆಯ ಕಡೆ ಮಾತ್ರ ನೋಡುವುದಿಲ್ಲ.

ಅವನ ಅಪ್ಪ ಬಂದರಿನ ಗೋದಾಮಿನಲ್ಲಿ ಕಾವಲುಗಾರನಾಗಿದ್ದ. ಮೂಟೆಗಳ ಮೇಲೆ, ಮರದ ಪೆಟ್ಟಿಗೆಗಳ ಮೇಲೆ ಮಸಿಯಲ್ಲಿ ಒತ್ತಿದ್ದ ಇಂಗ್ಲಿಷ್ ಅಕ್ಷರಗಳನ್ನು ಓದುತ್ತಲೇ ಹುಡುಗ ಓದು ಕಲಿತ. ಅಪ್ಪ ಗೋದಾಮಿನ ಇನ್ನೊಂದು ತುದಿಯಲ್ಲಿ ಕೂತು ತಪ್ಪು ತಿದ್ದುತ್ತಿದ್ದುದರಿಂದ ಕೂಗಿ ಓದದೆ ವಿಧಿಯಿರಲಿಲ್ಲ. ಹಾಗೆ ಬೆಳೆದ ದನಿ ಅದು. ದೊಡ್ಡವನಾದ ಮೇಲೆ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಊರಿಗೆ ಎಂದು ಕೂಗಿ ಹೇಳುವ ಕೆಲಸ ಸಿಕ್ಕಿತು. ಮೈಕು ಕೆಟ್ಟರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಲ್ಲಿಯ ಡ್ರೈವರುಗಳೇ ಅವನಿಗೆ ಗುಡುಗಣ್ಣ ಎಂದು ಹೆಸರಿಟ್ಟರು. ಅಮ್ಮ ಅಪ್ಪ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿಯಿತು.

ಹೆಂಡತಿ ಸಿಕ್ಕಿದ್ದೂ ಅಲ್ಲೇ. ಅವಳು ಹೊಲಿಗೆ ಕಲಿಯಲು ದಿನಾ ಪಟ್ಟಣಕ್ಕೆ ಬಂದು ಹೋಗುತ್ತಿದ್ದಳು. ಅವಳ ಊರಿನ ಬಸ್ಸನ್ನು ಮಾತ್ರ ಅವನು ಎರಡೆರಡು ಸಲ, ನಡುವೆ ಬರುವ ಸಣ್ಣಪುಟ್ಟ ಊರುಗಳನ್ನೆಲ್ಲ ಸೇರಿಸಿ, ರಾಗವಾಗಿ ಕೂಗುತ್ತಾನೆ ಎಂಬುದನ್ನು ಮೊದಲು ಗಮನಿಸಿದ್ದು ಅವಳಲ್ಲ, ಆ ಬಸ್ಸಿನ ಕಂಡಕ್ಟರು. ಅವನೇ ಮುಂದೆ ನಿಂತು ಮದುವೆ ಮಾತಾಡಿದ.

ನಿಲ್ದಾಣಕ್ಕೆ ಟೇಪು ಯಂತ್ರ ಬಂದ ಮೇಲೆ ಅವನ ಕೆಲಸ ಹೋಯಿತು. ಒಂದು ಮುದ್ರಣಾಲಯದವರು ಕರಡು ತಿದ್ದುವವರಿಗೆ ಮೂಲ ಓದಿ ಹೇಳಲು ಅವನನ್ನು ಇಟ್ಟುಕೊಂಡರು. ಅಲ್ಲಿ ಅಕ್ಷರದ ಜೊತೆಗೆ ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕು. ಆ ಚಾಳಿ ಮನೆಗೂ ಬಂತು. ಊಟಕ್ಕೆ ಕೂತು, ಉಪ್ಪು ಕಮ್ಮಿ ಪೂರ್ಣವಿರಾಮ, ಅನ್ನುತ್ತಿದ್ದ. ನಾಳೆಯಿಂದ ನೀವೇ ಮಾಡ್ತೀರಾ ಪ್ರಶ್ನಾರ್ಥಕ, ಎಂದು ಅವಳು ಕೇಳುತ್ತಿದ್ದಳು. ಮುದ್ರಣಾಲಯ ಮುಚ್ಚಿದಾಗ ಅವನ ಕೂದಲು ಬೆಳ್ಳಗಾಗಿತ್ತು, ದನಿ ಹಾಗೆಯೇ ಇತ್ತು. ಆ ದನಿಯನ್ನು ಹೊತ್ತುಕೊಂಡು ಅವನು ಅನುವಾದ ಕಚೇರಿಯ ಮೆಟ್ಟಿಲು ಹತ್ತಿದ.

ಕಚೇರಿ ಇದ್ದದ್ದು ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಪಕ್ಕ. ನಡುವೆ ಹಲಗೆಯ ಗೋಡೆ. ಅಲ್ಲಿ ಅವನಿಗೆ ಜೊತೆಯಾದವರು ಟೀಚರ್. ಹೆಣ್ಣುಮಕ್ಕಳ ಶಾಲೆಯಲ್ಲಿ ಅರಬ್ಬಿ ಕಲಿಸಿ ನಿವೃತ್ತರಾಗಿ, ತಂಗಿಯ ಮನೆಯಲ್ಲಿದ್ದುಕೊಂಡು, ಇಂಗ್ಲಿಷಿನಿಂದ ಅರಬ್ಬಿಗೆ ಅನುವಾದ ಮಾಡುತ್ತಿದ್ದವರು. ಮಾತು ಕಡಿಮೆ, ಆಡಿದ್ದು ಚುರುಕು. ಅವರ ಕಣ್ಣಿನ ನಡುಭಾಗ ಮಂಜಾಗುತ್ತಾ ಬಂದಿತ್ತು. ದಪ್ಪ ಪೆನ್ನಿನಲ್ಲಿ ತಾವು ಬರೆದದ್ದು ಕಾಣುತ್ತಿತ್ತು, ಹಳೆಯ ಕಾಗದದ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಹಾಗಾಗಿ ಅವನು ಓದಬೇಕು, ಅವರು ಬರೆಯಬೇಕು.

ಇಬ್ಬರಿಗೂ ಸಿಕ್ಕಿದ ದೊಡ್ಡ ಕೆಲಸವೆಂದರೆ ಹಡಗಿನ ಕಾಗದಗಳು. ಅರಬ್ ನಾಡಿನ ಬಂದರೊಂದರ ಹಳೆಯ ಕಟ್ಟಡವನ್ನು ವಸ್ತುಸಂಗ್ರಹಾಲಯ ಮಾಡಲು ಹೊರಟವರು ಎಂದೋ ಮುಚ್ಚಿಹೋದ ಹಡಗು ಕಂಪನಿಯ ಕಾಗದಗಳನ್ನು ಅರಬ್ಬಿಯಲ್ಲಿ ಬೇಕೆಂದು ಕೊಟ್ಟಿದ್ದರು. ಸಾಮಾನುಗಳ ಹೆಸರು, ಆಳುಗಳ ಹುದ್ದೆ ಇಂಥವನ್ನೆಲ್ಲ ಬೇರೆಯವರು ಮಾಡಿ ಮುಗಿಸಿದ್ದರು. ದುಡ್ಡಿನ ಅಂಕಣಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಹಳೆಯ ಗುಮಾಸ್ತರು ಪೌಂಡಿಗೆ ಒಂದು ಸೊಟ್ಟ ಗೆರೆ, ಶಿಲ್ಲಿಂಗಿಗೆ ಒಂದು ಎಸ್ಸು, ಪೆನ್ನಿ ಎಂಬ ಚಿಲ್ಲರೆಗೆ ಒಂದು ಡಿ ಹಾಕಿ ಕೈತೊಳೆದುಕೊಂಡಿದ್ದರು. ಈಗಿನ ಓದುಗರಿಗೆ ಅದು ತಿಳಿಯುವಂತೆ ಒಂದೊಂದು ಅಕ್ಷರವನ್ನೂ ಪೂರ್ತಿ ಪದವಾಗಿ ಬಿಡಿಸಿ ಬರೆಯುವುದು ಇವರ ಕೆಲಸ.

ಪೆನ್ನಿಗೆ ಡಿ ಯಾಕೆ ಎಂದು ಮೊದಲ ದಿನವೇ ಅವನು ಕೇಳಿದ. ರೋಮಿನವರ ಹಳೆಯ ನಾಣ್ಯವೊಂದರ ಹೆಸರಿನ ಮೊದಲಕ್ಷರ ಅದು, ಅರಬ್ಬರ ದೀನಾರದ ಮುತ್ತಜ್ಜನೂ ಅದೇ ನಾಣ್ಯ ಎಂದು ಟೀಚರ್ ವಿವರಿಸಿದರು.

“ಹಾಗಾದ್ರೆ ಸಂಬಂಧಿಕರೇ ಆಯ್ತಲ್ಲ ಟೀಚರ್. ದೀನಾರ ಅಂತಲೇ ಬರೆದುಬಿಡಿ.”

“ಸಂಬಂಧಿಕರು ಅಂತ ಇವರ ಸಂಬಳ ತಗೊಂಡುಹೋಗಿ ಅವರ ಮನೇಲಿ ಕೊಡೋಕಾಗತ್ತಾ?” ಎಂದು ಟೀಚರ್ ಪೆನ್ನಿಯ ಅರಬ್ಬಿ ಹೆಸರನ್ನೇ, ‘ಬನ್ಸ್’ ಎಂದು, ಬರೆದುಕೊಂಡರು.

ಪೌಂಡಿಗೆ ಅರಬ್ಬಿಯಲ್ಲಿ ‘ಜುನೈಹ್’ ಅನ್ನುತ್ತಾರೆ. ಆ ಹೆಸರು ಬಂದದ್ದು ಗಿನಿ ಎಂಬ, ಪೌಂಡಿಗಿಂತ ಒಂದು ಶಿಲ್ಲಿಂಗು ಹೆಚ್ಚು ಬೆಲೆಯ, ಬೇರೆಯೇ ನಾಣ್ಯದಿಂದ. ಕಾಗದಗಳಲ್ಲಿ ನಿಜವಾದ ಗಿನಿಯೇ ಎದುರಾದಾಗ ಅದಕ್ಕೆ ಕೊಡಲು ಹೆಸರೇ ಉಳಿದಿರಲಿಲ್ಲ. ಬಾಡಿಗೆಗೆ ಬಂದವನು ಮನೆ ಯಜಮಾನನನ್ನೇ ಹೊರಗೆ ಹಾಕಿದ ಹಾಗಾಯಿತು ಎಂದು ಗುಡುಗಣ್ಣ ನಕ್ಕ. ಟೀಚರ್ ಒಂದಿಡೀ ದಿನ ಯೋಚಿಸಿ, ಇಪ್ಪತ್ತೊಂದು ಶಿಲ್ಲಿಂಗಿನ ಚಿನ್ನದ ಜುನೈಹ್ ಎಂದು ಬರೆದರು. ಯಜಮಾನನಿಗೆ ಹೊರಗಡೆಯಾದರೂ ಒಂದು ಕುರ್ಚಿ ಹಾಕಿದಿರಿ ಎಂದು ಅವನು ಮೆಚ್ಚಿದ.

ಅವರು ಕೂರುತ್ತಿದ್ದ ರೀತಿಯನ್ನು ಇಲ್ಲಿ ಹೇಳಲೇಬೇಕು. ಇಂಗ್ಲಿಷಿನ ಸಾಲು ಎಡದಿಂದ ಶುರುವಾಗುತ್ತದೆ, ಅರಬ್ಬಿಯದು ಬಲದಿಂದ. ಇಂಗ್ಲಿಷ್ ಹಾಳೆಯಲ್ಲಿ ಪೌಂಡಿನ ಅಂಕಣ ಎಡತುದಿಗಿದ್ದರೆ ಅರಬ್ಬಿ ಹಾಳೆಯಲ್ಲಿ ಅದು ಬಲತುದಿಗೆ ಬರಬೇಕು. ಅವರಿಬ್ಬರೂ ಒಂದೇ ಮೇಜಿನ ಆಚೆ ಈಚೆ, ಎದುರುಬದುರು ಕೂರುತ್ತಿದ್ದರು. ಅವನ ಎಡಕ್ಕೆ ಕಿಟಕಿ. ಎದುರಿಗಿದ್ದ ಅವರ ಬಲಕ್ಕೂ ಅದೇ ಕಿಟಕಿ. ಹೀಗಾಗಿ ಇಬ್ಬರಿಗೂ ಪೌಂಡು ಕಿಟಕಿಯ ಕಡೆ, ಶಿಲ್ಲಿಂಗು ನಡುವೆ, ಪೆನ್ನಿ ಗೋಡೆಯ ಕಡೆ. ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ, ಕುರ್ಚಿಗಳು ಹಾಗಿದ್ದವು ಅಷ್ಟೆ.

ಕೆಲಸ ಶುರುವಾಗಿ ಸ್ವಲ್ಪ ದಿನಕ್ಕೆ ಪಕ್ಕದ ಹಲ್ಲಿನ ಡಾಕ್ಟರು ಬಾಗಿಲಲ್ಲಿ ಬಂದು ನಿಂತರು. ಮುಖ ಸಪ್ಪಗಿತ್ತು.

“ಅಣ್ಣ, ನೀವು ಆರು ಏಳು ಎಂಟು ಅಂತ ಕೂಗೋದು ನಮ್ಮ ಕಡೆ ಚೆನ್ನಾಗಿ ಕೇಳತ್ತೆ. ಹೊರಗೆ ಕೂತೋರು ನಾನು ಒಳಗೆ ಕೀಳ್ತಿರೋ ಹಲ್ಲಿನ ಲೆಕ್ಕ ಅಂದ್ಕೊಂಡಿದಾರೆ. ಮೊನ್ನೆ ಒಬ್ಬರು ಹದಿನೇಳಕ್ಕೆ ಎದ್ದು ಹೋದ್ರು.”

ಗುಡುಗಣ್ಣ ಅಂದಿನಿಂದ ದನಿ ತಗ್ಗಿಸಲು ಒಪ್ಪಿದ. ಆದರೆ ತಗ್ಗಿಸಿದ ದನಿ ಅವನಿಗೇ ನಂಬಿಕೆ ಹುಟ್ಟಿಸಲಿಲ್ಲ. ಅದಕ್ಕೆ ಒತ್ತಾಸೆಯಾಗಿ ಮೇಜನ್ನು ಬಡಿಯಲು ಶುರುಮಾಡಿದ. ಪೌಂಡು ಓದುವಾಗ ಕಿಟಕಿಯ ಕಡೆ, ಶಿಲ್ಲಿಂಗಿಗೆ ನಡುವೆ, ಪೆನ್ನಿಗೆ ಗೋಡೆಯ ಕಡೆ. ಹತ್ತಕ್ಕೆ ಅಂಗೈ, ಒಂದೊಂದಕ್ಕೆ ಬೆರಳ ಗಿಣ್ಣು. ಅರ್ಧ ಪೆನ್ನಿಗೆ ಉಗುರಿನಿಂದ ಒಂದು ಗೀರು. ಅಂಕಣ ಖಾಲಿಯಿದ್ದರೆ ಅಂಗೈಯಿಂದ ಮೇಜು ಒರೆಸಿದ ಹಾಗೆ. ಗಿನಿ ಬಂದರೆ ಮಾತ್ರ ಉಂಗುರದಿಂದ ಚಹಾದ ಲೋಟಕ್ಕೆ ಟಿಣ್ ಅನ್ನಿಸುತ್ತಿದ್ದ, ದೊಡ್ಡಮನುಷ್ಯರ ನಾಣ್ಯವಲ್ಲವೇ ಎಂದು. ಟೀಚರ್ ಮೊದಮೊದಲು ಇದೇನು ತಬಲಾ ಎಂದು ಗೊಣಗಿದರು. ಕ್ರಮೇಣ ಅವರ ಕಿವಿ ಮಾತಿಗಿಂತ ಮೊದಲು ಬಡಿತವನ್ನೇ ಹಿಡಿಯತೊಡಗಿತು. ಅವನು ಬಾಯಿ ತೆರೆಯುವ ಮೊದಲೇ ಪೆನ್ನು ಬರೆದಿರುತ್ತಿತ್ತು.

ಆಮೇಲೆ ಗಂಟಲು ನೋವು ಬಂತು. ಬಿಸಿನೀರು ಕುಡಿದ, ಮಾತ್ರೆ ನುಂಗಿದ, ಹೋಗಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ.

ಆಪರೇಷನ್ನಿನ ಹಿಂದಿನ ದಿನ ಹೆಂಡತಿ ವಾರ್ಡಿನಲ್ಲಿ ಅವನ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಏನಾದರೂ ಮಾತಾಡಿ ಎಂದಳು. ಏನು ಮಾತಾಡಲಿ ಎಂದು ಅವನು ಕೇಳಿದ. ಏನಾದರೂ ಸರಿ ಎಂದಳು. ದಿಂಬಿಗೆ ಒರಗಿದ್ದವನು ಎದ್ದು ಕೂತು, ಅವಳ ಊರಿನ ಬಸ್ಸು ಹೊರಡುತ್ತಿದೆ ಎಂದು ಪೂರ್ತಿ ದನಿಯಲ್ಲಿ ಕೂಗಿದ. ನಡುವೆ ಬರುವ ಊರುಗಳು ಒಂದನ್ನೂ ಬಿಡಲಿಲ್ಲ. ಎರಡು ಸಲ ಕೂಗಿದ. ನರ್ಸು ಓಡಿ ಬಂದಳು. ಬಂದವಳು ಇಬ್ಬರ ಮುಖ ನೋಡಿ ಪರದೆ ಎಳೆದು ಹೋದಳು.

ದನಿ ಹೋದ ಮೇಲೆ ಕುತ್ತಿಗೆಗೆ ಹಿಡಿದು ಮಾತಾಡುವ ಯಂತ್ರವೊಂದನ್ನು ಕೊಟ್ಟರು. ಅದರಲ್ಲಿ ಆಡಿದ ಮಾತು ಜೀರುಂಡೆಯ ಸದ್ದಿನ ಹಾಗಿತ್ತು. ಅವನು ಅದನ್ನು ಕನ್ನಡಕದ ಪೆಟ್ಟಿಗೆಯ ಜೊತೆ ಕಪಾಟಿನಲ್ಲಿಟ್ಟು, ಒಂದು ಸ್ಲೇಟು ತರಿಸಿಕೊಂಡ. ಸ್ಲೇಟಿನ ಮೇಲೂ ದಪ್ಪದಪ್ಪ ಅಕ್ಷರ, ಅಲ್ಲೂ ಕೂಗುತ್ತಾರೆ ಎಂದು ಹೆಂಡತಿ ಎಲ್ಲರನ್ನೂ ನಗಿಸುತ್ತಿದ್ದಳು. ನೋಡಲು ಬಂದಿದ್ದ ಟೀಚರ್ ಒಬ್ಬರೇ ಸಿಕ್ಕಾಗ ಬೇರೆಯೇ ಮಾತಾಡಿದಳು.

“ಮದುವೆಯಾದಾಗಿಂದ ಮೆಲ್ಲಗೆ ಮಾತಾಡಿ ಮೆಲ್ಲಗೆ ಮಾತಾಡಿ ಅಂತ ಗೋಳು ಹುಯ್ಕೊಂಡೆ ಅಕ್ಕ. ಮೆಲ್ಲಗೆ ಅಂದಿದ್ದೆ. ಸುಮ್ಮನಿರಿ ಅನ್ನಲಿಲ್ಲ.”

ಅವನು ಸದ್ದಿಲ್ಲದೆ ಒಳಗೆ ಬಂದು ನಿಂತರೆ ಅವಳು ಬೆಚ್ಚಿಬೀಳುತ್ತಿದ್ದಳು. ಹಾಗಾಗಿ ಬಾಗಿಲ ಚೌಕಟ್ಟಿಗೆ ಅಂಗೈಯಿಂದ ಒಂದೇಟು ಬಡಿದು ಬರುವುದನ್ನು ರೂಢಿ ಮಾಡಿಕೊಂಡ. ಚಹಾಕ್ಕೆ ಮಾತ್ರ ಕಾಯಬೇಕಾಗುತ್ತಿತ್ತು.

ಮನೆಗೆ ನೋಡಲು ಬಂದವರು ಅವನ ಜೊತೆ ನಿಧಾನವಾಗಿ, ಜೋರಾಗಿ ಮಾತಾಡುತ್ತಿದ್ದರು, ಕಿವುಡನೆಂಬಂತೆ. ಸ್ಲೇಟಿನಲ್ಲಿ ಉತ್ತರ ಬರೆದು ಮುಗಿಸುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿರುತ್ತಿತ್ತು. ಅವನು ಬರೆದದ್ದನ್ನು ಅಂಗೈಯಿಂದ ಒರೆಸುತ್ತಿದ್ದ. ಇಡೀ ಊರಿನಲ್ಲಿ ತಾನು ಮೂಗನಾಗದೆ ಕೂರಬಹುದಾದ ಜಾಗ ಒಂದೇ ಇದೆ, ಅದು ಟೀಚರ್ ಎದುರಿನ ಕುರ್ಚಿ ಎಂದು ಅವನಿಗೆ ಗೊತ್ತಿತ್ತು. ಗಾಯ ಮಾಗಿದ ಕೂಡಲೆ, ಕುತ್ತಿಗೆಗೆ ಹೆಂಡತಿ ಹೊಲಿದುಕೊಟ್ಟ ತೆಳ್ಳನೆಯ ಬಟ್ಟೆ ಕಟ್ಟಿಕೊಂಡು, ಕೆಲಸಕ್ಕೆ ಹೋದ.

ಮ್ಯಾನೇಜರು ಒಳ್ಳೆಯ ಮನುಷ್ಯ. ಗುಡುಗಣ್ಣ ಬರುತ್ತಾನೆಂದು ತಿಳಿದು ಹಿಂದಿನ ದಿನವೇ ಅವನ ಕುರ್ಚಿಯನ್ನು ತೆಗೆಸಿ ಟೀಚರ ಪಕ್ಕಕ್ಕೆ ಹಾಕಿಸಿದ್ದರು. ಪಕ್ಕದಲ್ಲಿದ್ದರೆ ಬೆರಳಿಟ್ಟು ತೋರಿಸಲು, ಬೇಕಾದರೆ ತೋಳು ತಟ್ಟಲು ಸುಲಭ ಎಂದು ಅವರ ಯೋಚನೆ. ಎಷ್ಟು ಅಕ್ಕರೆಯಿಂದ ಹೇಳಿದರೆಂದರೆ ಇಬ್ಬರಲ್ಲಿ ಯಾರಿಗೂ ಬೇಡ ಅನ್ನಲು ಮನಸ್ಸಾಗಲಿಲ್ಲ. ಅವನು ಪಕ್ಕದಲ್ಲಿ ಕೂತ, ಹಾಳೆ ಹರಡಿಕೊಂಡ, ಬಡಿದ. ಟೀಚರ್ ಬರೆದರು. ಬಾಯಿಯಿಂದ ಒಂದು ಮಾತೂ ಇಲ್ಲದೆ ಅಂಕಣದ ಮೇಲೆ ಅಂಕಣ ಉರುಳಿತು. ಆ ಸಂಜೆ ಅವನು ಮನೆಗೆ ಬಂದು ಚೌಕಟ್ಟಿಗೆ ಬಡಿದ ಏಟು ಕೇಳಿಯೇ ಹೆಂಡತಿಗೆ ಗೊತ್ತಾಯಿತು, ಇವತ್ತು ಚೆನ್ನಾಗಿ ಹೋಗಿದೆ ಎಂದು.

ವಾರ ಕಳೆದು ವಸ್ತುಸಂಗ್ರಹಾಲಯದಿಂದ ಹಾಳೆಗಳು ವಾಪಸು ಬಂದವು. ಅವು ಹಡಗಿನ ಆಳುಗಳ ಸಂಬಳದ ಹಾಳೆಗಳು. ಕಪ್ತಾನನಿಗೆ ತಿಂಗಳಿಗೆ ಹತ್ತು ಪೌಂಡು ಇರಬೇಕಾದಲ್ಲಿ ಹತ್ತು ಪೆನ್ನಿ ಬಂದಿತ್ತು. ಪಾತ್ರೆ ತೊಳೆಯುವವನು ಕಪ್ತಾನನನ್ನೂ ಮೀರಿಸಿ ಹನ್ನೊಂದು ಪೌಂಡು ಎಣಿಸಿಕೊಂಡಿದ್ದ. ಹಾಳೆಗೆ ಹಾಳೆಯೇ ಹಾಗೆ. ಒಂದು ಶಿಲ್ಲಿಂಗಿಗೆ ಹನ್ನೆರಡು ಪೆನ್ನಿ, ಆದ್ದರಿಂದ ಪೆನ್ನಿಯ ಅಂಕಣದಲ್ಲಿ ಹನ್ನೆರಡೋ ಹದಿಮೂರೋ ಬಂದಿದ್ದರೆ ಟೀಚರಿಗೆ ಅಲ್ಲೇ ಅನುಮಾನ ಬರುತ್ತಿತ್ತು. ಬಡ ಹಡಗಿನ ಸಣ್ಣ ಸಂಬಳಗಳು, ಒಂದೂ ಅಷ್ಟು ಮೇಲೆ ಏರಿರಲಿಲ್ಲ. ಹುದ್ದೆಯ ಹೆಸರುಗಳಿದ್ದ ಹಾಳೆ ಬೇರೆಯವರ ಹತ್ತಿರ ಇದ್ದುದರಿಂದ ಯಾವ ಸಂಬಳ ಯಾರದೆಂದು ಇವರಿಗೆ ತಿಳಿದಿರಲಿಲ್ಲ. ಗುಡುಗಣ್ಣನಿಗೆ ಅರಬ್ಬಿ ಬಾರದು.

ಮ್ಯಾನೇಜರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನನ್ನು ಒಳಗೆ ಕೂರಿಸಿಕೊಂಡು, ದೊಡ್ಡ ಕಾಯಿಲೆಯಿಂದ ಎದ್ದಿದ್ದೀರಿ, ಗಮನ ಅಲ್ಲಿ ಇಲ್ಲಿ ಆಗುವುದು ಸಹಜ, ಸ್ವಲ್ಪ ಕಾಲ ಮನೆಯಲ್ಲೇ ಇದ್ದು ಸುಧಾರಿಸಿಕೊಳ್ಳಿ ಎಂದರು. ಎಲ್ಲಿಯವರೆಗೆ ಎಂದು ಹೇಳಲಿಲ್ಲ. ಅವನು ಕೇಳಲೆಂದು ಸ್ಲೇಟು ತೆಗೆದ, ಬರೆಯಲಿಲ್ಲ. ಕೆಳಗಿಳಿದು ಹೋದ. ಅಂದು ಮನೆಯ ಚೌಕಟ್ಟಿಗೆ ಬಡಿತ ಬೀಳಲಿಲ್ಲ. ಹೆಂಡತಿ ತಲೆ ಎತ್ತಿ ನೋಡಿದಾಗ ಎಷ್ಟೋ ಹೊತ್ತಿನಿಂದ ಅಲ್ಲೇ ನಿಂತಿದ್ದ.

ಮುಂದಿನ ದಿನಗಳಲ್ಲಿ ಅವನು ಸ್ಲೇಟನ್ನೂ ಬಿಟ್ಟ. ತಲೆಯಾಡಿಸಿ ಹೌದು ಅಲ್ಲ ಅನ್ನುವಷ್ಟಕ್ಕೆ ನಿಂತ. ಅವನಿಗಿದ್ದ ಭಯ ಒಂದೇ. ಆಪರೇಷನ್ನಿನ ಕತ್ತಿ ದನಿಯ ಜೊತೆಗೆ ಇನ್ನೂ ಏನನ್ನೋ ತೆಗೆದುಹಾಕಿದೆ, ಕಣ್ಣು ನೋಡಿದ್ದು ಕೈಗೆ ಬರುವಷ್ಟರಲ್ಲಿ ತಲೆಕೆಳಗಾಗುತ್ತಿದೆ ಎಂದು ಅವನು ನಂಬಿದ್ದ. ಹೆಂಡತಿ ಹೊಲಿಯುತ್ತಾ ಕೂತಿದ್ದಾಗ, ಅವನು ಹಳೆಯ ಕ್ಯಾಲೆಂಡರಿನ ಅಂಕಿಗಳನ್ನು ನೋಡಿಕೊಂಡು ಮೊಣಕಾಲಿನ ಮೇಲೆ ಬಡಿದು, ಸರಿಯಾಯಿತೇ ಎಂದು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದುದನ್ನು ಅವಳು ಕಂಡಳು. ಕಾಣದವಳ ಹಾಗೆ ಹೊಲಿದಳು.

ಒಂದು ಮಧ್ಯಾಹ್ನ ಟೀಚರ್ ಬಂದರು. ಅವರಿಗೂ ತಮ್ಮ ಮೇಲೆಯೇ ಅನುಮಾನ. ಕಣ್ಣು ಹೋದದ್ದಾಯಿತು, ಈಗ ಕಿವಿಯೂ ಕೈಕೊಟ್ಟಿರಬೇಕು, ತಪ್ಪು ತಮ್ಮದು ಎಂದು ಹೇಳಲೆಂದೇ ಬಂದಿದ್ದರು. ಹೇಳಿದರು ಕೂಡ. ಅವನು ಅಲ್ಲ ಅಲ್ಲ ಎಂದು ತಲೆಯಾಡಿಸಿದ. ಹೌದು ಎಂದು ಅವರು. ತಪ್ಪು ನನ್ನದು ನನ್ನದು ಎಂದು ಇಬ್ಬರೂ ಹಟ ಹಿಡಿದದ್ದು ನೋಡಿ ಹೆಂಡತಿಗೆ ರೇಗಿತು. ಅವಳು ಚಹಾದ ತಟ್ಟೆಯನ್ನು ಒಂದು ಸ್ಟೂಲಿನ ಮೇಲಿಟ್ಟು ಇಬ್ಬರ ನಡುವೆ ತಂದಳು.

“ಜಗಳ ಆಡೋರಾದ್ರೆ ಎದುರುಬದುರು ಕೂತು ಆಡಿ. ನನಗೆ ನೋಡೋಕೆ ಚೆನ್ನಾಗಿರತ್ತೆ.”

ಎದುರುಬದುರು ಕೂತು ಚಹಾ ಕುಡಿದು ಲೋಟ ಇಟ್ಟ ಮೇಲೆ ಗುಡುಗಣ್ಣನಿಗೆ ಏನನ್ನಿಸಿತೋ, ಸ್ಟೂಲಿನ ಎಡ ಅಂಚಿಗೆ ಅಂಗೈಯಿಂದ ಒಂದೇಟು ಹಾಕಿದ. ನಡುವೆ ಒರೆಸಿದ. ಬಲಗಡೆಯೂ ಒರೆಸಿದ.

“ಹತ್ತು ಪೌಂಡು,” ಅಂದರು ಟೀಚರ್. “ಶಿಲ್ಲಿಂಗು ಇಲ್ಲ, ಪೆನ್ನಿ ಇಲ್ಲ.”

ಅವನು ಅವರನ್ನೇ ನೋಡಿದ. ಅದು ಕಪ್ತಾನನ ಸಂಬಳ. ಕಚೇರಿಯಲ್ಲಿ ಬಡಿದದ್ದೂ ಇದನ್ನೇ, ಹೀಗೆಯೇ. ಟೀಚರಿಗೂ ಅದು ಹೊಳೆಯಿತು. ಅವರು ಸೀರೆಯ ನೆರಿಗೆ ಹಿಡಿದು ಎದ್ದು, ಸ್ಟೂಲನ್ನು ಬಳಸಿ ಬಂದು, ಅವನ ಪಕ್ಕದಲ್ಲಿ ಕೂತರು. ಕಣ್ಣು ಮುಚ್ಚಿಕೊಂಡರು.

“ಇನ್ನೊಂದ್ಸಲ ಬಡೀರಿ.”

ಅವನು ಎಡ ಅಂಚಿಗೆ ಬಡಿದ. ಟೀಚರ ಬಲಗೈ ತೊಡೆಯ ಮೇಲೆ ಬರೆಯಲು ಹೊರಟು, ಬಲಗಡೆ ಖಾಲಿ ಬಿಟ್ಟು, ತನ್ನಷ್ಟಕ್ಕೆ ಎಡಗಡೆಗೆ ಹೋಯಿತು. ಪೆನ್ನಿಯ ಜಾಗಕ್ಕೆ. ಅವನ ಕೈ ತನ್ನ ಎಡವನ್ನು ನಂಬಿ ಬಡಿದಿತ್ತು, ಅವರ ಕೈ ತನ್ನ ಬಲವನ್ನು ನಂಬಿ ಬರೆದಿತ್ತು. ಎದುರು ಕೂತಾಗ ಅವೆರಡೂ ಒಂದೇ ಕಡೆ. ಪಕ್ಕ ಕೂತಾಗ ಮೇಜಿನ ಎರಡು ತುದಿ.

“ನಮ್ಮಿಬ್ಬರಿಗೂ ಏನೂ ಆಗಿಲ್ಲ ಗುಡುಗಣ್ಣ,” ಎಂದರು ಟೀಚರ್.

ಅವನು ಸ್ಲೇಟು ಹುಡುಕಿ, ಇಡೀ ಸ್ಲೇಟು ತುಂಬುವಂತೆ ‘ಕುರ್ಚಿ’ ಎಂದು ಬರೆದು ಎತ್ತಿ ಹಿಡಿದ. ಆಮೇಲೆ ನಕ್ಕ. ಸದ್ದಿಲ್ಲದ ನಗು. ಭುಜಗಳು ಕುಣಿದವು, ಕುತ್ತಿಗೆಯ ಬಟ್ಟೆ ಮೇಲೆ ಕೆಳಗೆ ಆಡಿತು, ಕಣ್ಣಿನಿಂದ ನೀರು ಸುರಿಯಿತು. ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಏನಾಯಿತೆಂದು ತಿಳಿಯದ ಹೆಂಡತಿ ಮೊದಲು ಇವರ ಜೊತೆ ನಕ್ಕು, ಆಮೇಲೆ ಕಾರಣ ಕೇಳಿ, ಒಳಗೆ ಹೋಗಿ ಒಬ್ಬಳೇ ಸ್ವಲ್ಪ ಅತ್ತಳು.

ಮಾರನೆಯ ಬೆಳಿಗ್ಗೆ ಟೀಚರ್ ಮ್ಯಾನೇಜರಿಗೆ ವಿಷಯ ತಿಳಿಸಿದಾಗ ಅವರಿಗೆ ಅರ್ಥವಾಗಲು ಒಂದಷ್ಟು ಹೊತ್ತು ಹಿಡಿಯಿತು. ಆ ಕಡೆ ಒಮ್ಮೆ ಈ ಕಡೆ ಒಮ್ಮೆ ತಾವೇ ಕೂತು ನೋಡಿದರು. ಆಮೇಲೆ ಯಾರನ್ನೂ ಕರೆಯದೆ ಕುರ್ಚಿಯನ್ನು ತಾವೇ ಎತ್ತಿ ಮೇಜನ್ನು ಸುತ್ತಿಸಿ ತಂದು ಅದರ ಹಳೆಯ ಜಾಗದಲ್ಲಿಟ್ಟರು. ನಾಲ್ಕು ಕಾಲುಗಳ ಹಳೆಯ ಗುರುತು ನೆಲದ ಮೇಲೆ ಇನ್ನೂ ಇತ್ತು.

ಕೆಲಸ ಮತ್ತೆ ಹಿಡಿತಕ್ಕೆ ಬಂತು. ಕಪ್ತಾನನಿಗೆ ಅವನ ಪೌಂಡು ಸಿಕ್ಕಿತು. ಒಂದು ದಿನ ಬಡಿತ ಜೋರಾಗಿ ನಡೆದಿದ್ದಾಗ ಹಲ್ಲಿನ ಡಾಕ್ಟರು ಮತ್ತೆ ಬಾಗಿಲಲ್ಲಿ ಬಂದು ನಿಂತರು. ಗುಡುಗಣ್ಣನ ಕೈ ಗಾಳಿಯಲ್ಲೇ ನಿಂತಿತು. ಡಾಕ್ಟರು ಅವನ ಕುತ್ತಿಗೆಯ ಬಟ್ಟೆಯನ್ನು ನೋಡಿದರು, ಮೇಜನ್ನು ನೋಡಿದರು, ಕನ್ನಡಕ ಸರಿಮಾಡಿಕೊಂಡರು.

“ಏನಿಲ್ಲ ಅಣ್ಣ. ಸದ್ದು ಕೇಳಿಸ್ತು, ಬಂದಿದೀರಲ್ಲ ಅಂತ ನೋಡಿ ಹೋಗೋಣ ಅಂತ. ನೀವು ಬಡೀರಿ.”

ಕಾಯಿಲೆ ಪೂರ್ತಿ ಹೋಗಿರಲಿಲ್ಲ. ಬೇಸಿಗೆ ಕಳೆಯುವ ಹೊತ್ತಿಗೆ ಅದು ಬೇರೆ ಕಡೆ ತಲೆ ಎತ್ತಿತು. ಮೆಟ್ಟಿಲು ಹತ್ತಲು ಆಗದಾದಾಗ ಟೀಚರೇ ಕಾಗದದ ಕಟ್ಟು ಹೊತ್ತು ಅವನ ಮನೆಗೆ ಬರತೊಡಗಿದರು. ಮ್ಯಾನೇಜರೇ ಆಟೋ ಗೊತ್ತುಮಾಡಿಕೊಟ್ಟಿದ್ದರು. ಮನೆಯಲ್ಲಿದ್ದ ಮೇಜು ಒಂದೇ, ಹೆಂಡತಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಅದು ಅವಳು ಮದುವೆಯಾಗಿ ಬಂದಂದಿನಿಂದ ಗೋಡೆಗೆ ಅಂಟಿಕೊಂಡಿತ್ತು. ಅಲ್ಲಿ ಕೂತರೆ ಅಕ್ಕಪಕ್ಕವೇ ಕೂರಬೇಕು.

ಟೀಚರ್ ಕೆಲಸಕ್ಕೆಂದು ಮೊದಲ ಸಲ ಬರುವ ದಿನ ಅವಳು ಬೆಳಿಗ್ಗೆಯೇ ಕತ್ತರಿ, ಅಳತೆ ಪಟ್ಟಿ, ಸೀಮೆಸುಣ್ಣ ಎಲ್ಲ ಇಳಿಸಿ, ಮೇಜನ್ನು ಒಬ್ಬಳೇ ನೂಕಿ ಕೋಣೆಯ ನಡುವೆ ತಂದಿದ್ದಳು. ಅಷ್ಟಕ್ಕೇ ಬಿಡಲಿಲ್ಲ. ಗಂಡನನ್ನು ಎಬ್ಬಿಸಿ ಒಂದು ಕಡೆ ಕೂರಿಸಿದಳು, ಕಿಟಕಿ ಅವನ ಬಲಕ್ಕೆ ಬಂತು. ಎಬ್ಬಿಸಿ ಇನ್ನೊಂದು ಕಡೆ ಕೂರಿಸಿದಳು, ಎಡಕ್ಕೆ ಬಂತು.

“ಕಿಟಕಿ ಕಡೆ ಪೌಂಡು ತಾನೇ?” ಎಂದು ಕೇಳಿದಳು.

ಇದು ಇವಳಿಗೆ ಹೇಗೆ ಗೊತ್ತು ಎಂದು ಅವನು ಹುಬ್ಬೇರಿಸಿದ.

“ದಿನಾ ಊಟಕ್ಕೆ ಕೂತು ಅದನ್ನೇ ಹೇಳ್ತಿದ್ರಲ್ಲ. ಕಿವಿ ನನಗೂ ಇದೆ.”

ಹೊಲಿಗೆ ಯಂತ್ರ ಮೂಲೆಗೆ ಹೋಯಿತು. ಅವರಿಬ್ಬರೂ ಕೆಲಸ ಮಾಡುತ್ತಿದ್ದಾಗ ಅವಳು ಯಂತ್ರ ಓಡಿಸುತ್ತಿರಲಿಲ್ಲ, ಬಡಿತ ಕೇಳಿಸುವುದಿಲ್ಲವೆಂದು. ಕೈಹೊಲಿಗೆಯ ಕೆಲಸವನ್ನೆಲ್ಲ ಆ ಹೊತ್ತಿಗೇ ಉಳಿಸಿಕೊಳ್ಳುತ್ತಿದ್ದಳು. ಅಂಗೈಯ ಏಟು ಬರಬರುತ್ತಾ ಮೆತ್ತಗಾಯಿತು, ಆಮೇಲೆ ಅಂಗೈ ಹೋಗಿ ನಾಲ್ಕು ಬೆರಳಾಯಿತು. ಟೀಚರ್ ಮುಂದಕ್ಕೆ ಬಾಗಿ ಕಿವಿಯನ್ನು ಮೇಜಿಗೆ ಹತ್ತಿರ ತಂದುಕೊಳ್ಳುತ್ತಿದ್ದರು. ಒಂದು ಸಲವೂ ಇನ್ನೊಮ್ಮೆ ಬಡೀರಿ ಅನ್ನಲಿಲ್ಲ. ಕೇಳಿಸದಿದ್ದರೆ ಕಾಯುತ್ತಿದ್ದರು, ಅವನೇ ತಿಳಿದು ಮತ್ತೆ ಬಡಿಯುತ್ತಿದ್ದ. ಕೊನೆಕೊನೆಗೆ ಒಂದು ಮಧ್ಯಾಹ್ನಕ್ಕೆ ಅರ್ಧ ಹಾಳೆ ಆಗುತ್ತಿತ್ತು. ಒಂದು ಹಾಳೆಯಲ್ಲಿ ಗಿನಿ ಬಂದಾಗ ಉಂಗುರ ಬೆರಳಿನಲ್ಲಿ ನಿಲ್ಲದೆ ಲೋಟದೊಳಕ್ಕೇ ಜಾರಿ ಬಿತ್ತು. ಮೂವರೂ ನಕ್ಕರು. ಹೆಂಡತಿ ಅದನ್ನು ತೊಳೆದು, ದಾರ ಸುತ್ತಿ ದಪ್ಪ ಮಾಡಿ, ಮತ್ತೆ ಅವನ ಬೆರಳಿಗೆ ಹಾಕಿದಳು.

ಹಡಗಿನ ಕಾಗದಗಳು ಮುಗಿಯುವ ಮೊದಲೇ ಗುಡುಗಣ್ಣ ಮುಗಿದ. ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಮೇಜಿನ ಕಿಟಕಿ ಕಡೆಯ ತುದಿಯಲ್ಲಿದ್ದಾಗ. ಹೆಂಡತಿ ಪಕ್ಕದಲ್ಲಿದ್ದಳು.

ಉಳಿದ ಕಾಗದಗಳನ್ನು ಓದಿ ಹೇಳಲು ಕಚೇರಿಗೆ ಬೇರೆಯವರು ಬಂದರು. ಸ್ಪಷ್ಟವಾದ, ಮೆಲುವಾದ ದನಿ. ಪಕ್ಕದ ಕ್ಲಿನಿಕ್ಕಿಗೆ ಒಂದು ಅಂಕಿಯೂ ಕೇಳಿಸುವುದಿಲ್ಲ. ಟೀಚರ್ ಕೆಲಸ ಮುಗಿಸಿಕೊಟ್ಟರು. ಗಿನಿ ಬಂದ ಕಡೆ ಅವರ ಪೆನ್ನು ಕ್ಷಣ ಕಾಲ ನಿಲ್ಲುತ್ತಿತ್ತು, ಅಷ್ಟೆ.

ಬಿಡುವಾದಾಗ ಟೀಚರ್ ಈಗಲೂ ಆ ಮನೆಗೆ ಹೋಗುತ್ತಾರೆ. ಮೇಜು ಕೋಣೆಯ ನಡುವೆಯೇ ಇದೆ. ಓಡಾಡಲು ಅಡ್ಡವಲ್ಲವೇ, ಗೋಡೆಗೆ ಸರಿಸಿಕೊಡಲೇ ಎಂದು ಮ್ಯಾನೇಜರು ಕೇಳಿದ್ದಕ್ಕೆ, ಬಟ್ಟೆ ಕತ್ತರಿಸಲು ಎರಡೂ ಕಡೆಯಿಂದ ಕೈ ಹೋಗುತ್ತದೆ, ಹೀಗೇ ಅನುಕೂಲ ಎಂದು ಅವಳು ಹೇಳಿ ಕಳಿಸಿದಳು.

ಅವನಿಲ್ಲದ ಮನೆಗೆ ಮೊದಲ ಸಲ ಹೋದಾಗ ಟೀಚರ್ ಮಬ್ಬುಗಣ್ಣಿನಲ್ಲಿ ಬಾಗಿಲಿಗೆ ಹತ್ತಿರವಿದ್ದ ಕುರ್ಚಿಯ ಬೆನ್ನು ಹಿಡಿದರು.

“ಅಕ್ಕ, ಅದು ಅವರ ಕಡೆ,” ಎಂದಳು ಅವಳು. “ನೀವು ನಿಮ್ಮ ಕಡೆಗೆ ಬನ್ನಿ. ಇಲ್ಲಿ ನಾನು ಕೂರ್ತೀನಿ.”

ಚಹಾ ಆಯಿತು. ಅವಳು ಗುಂಡಿಗಳ ರಾಶಿಯನ್ನು ಮುಂದೆ ಸುರಿದುಕೊಂಡು ಆರಿಸತೊಡಗಿದಳು. ಎದುರಿಗೆ ಮೂರು ಡಬ್ಬಿ. ಕೋಟಿನ ದೊಡ್ಡ ಗುಂಡಿಗಳು ಕಿಟಕಿ ಕಡೆಯ ಡಬ್ಬಿಗೆ, ಅಂಗಿಯವು ನಡುವಿನದಕ್ಕೆ, ಮಕ್ಕಳ ಬಟ್ಟೆಯ ಪುಟ್ಟ ಗುಂಡಿಗಳು ಗೋಡೆ ಕಡೆಯದಕ್ಕೆ. ಒಂದೊಂದೇ ಟಕ್ ಎಂದು ಬೀಳುತ್ತಿದ್ದವು. ಟೀಚರ್ ಲೋಟ ಕೆಳಗಿಟ್ಟರು. ಅವರ ಬಲಗೈಯ ತೋರುಬೆರಳು ಮೇಜಿನ ಮೇಲೆ, ಕಿಟಕಿಯ ಕಡೆಯಿಂದ, ತಾನಾಗಿಯೇ ಬರೆಯತೊಡಗಿತ್ತು.

ಅವಳು ಅದನ್ನು ನೋಡಿದಳು. ಆರಿಸುವುದನ್ನು ನಿಲ್ಲಿಸಿದಳು.

“ಎಷ್ಟಾಯ್ತು ಅಕ್ಕ?”

“ನಾಲ್ಕು ಪೌಂಡು, ಎರಡು ಶಿಲ್ಲಿಂಗು,” ಅಂದರು ಟೀಚರ್. “ಪೆನ್ನಿ ಇನ್ನೂ ಬಿದ್ದಿಲ್ಲ.”

ಅವಳು ರಾಶಿಯಲ್ಲಿ ಕೈಯಾಡಿಸಿ ಒಂದು ಪುಟ್ಟ ಗುಂಡಿಯನ್ನು ಹುಡುಕಿದಳು. ಗೋಡೆ ಕಡೆಯ ಡಬ್ಬಿಯ ಮೇಲೆ ಹಿಡಿದು, ಟೀಚರ್ ಬೆರಳು ಅಲ್ಲಿಗೆ ಬರುವವರೆಗೆ ಕಾದು, ಬಿಟ್ಟಳು.